ಹನ್ನೊಂದನೇ ನಂಬರಿನ ಮೈದಾನ

ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದಲ್ಲಿ ಇಳಿದು, ಕಸ್ತೂರ್ಬಾ ರಸ್ತೆಯ ಮರಗಳ ನೆರಳಲ್ಲಿ ನಡೆದು ಬಂದರೆ ಮೊದಲು ಕಣ್ಣಿಗೆ ಬೀಳುವುದು ಕಂಠೀರವ ಕ್ರೀಡಾಂಗಣದ ಎತ್ತರದ ದೀಪದ ಕಂಬಗಳು. ಕನ್ನಡಿಗರಿಗೆ ಇದು ಅಪರಿಚಿತ ಜಾಗವಲ್ಲ. 2021ರ ಅಕ್ಟೋಬರ್ ಕೊನೆಯಲ್ಲಿ ಪುನೀತ್ ರಾಜ್‌ಕುಮಾರ್ ಅವರ ಪಾರ್ಥಿವ ಶರೀರವನ್ನು ಅಂತಿಮ ದರ್ಶನಕ್ಕೆ ಇಟ್ಟದ್ದು ಇಲ್ಲೇ. ಮಲೆನಾಡಿನ ಒಂಟಿಮನೆಗಳಲ್ಲೂ ಜನ ಟಿವಿ ಮುಂದೆ ಕೂತು, ಕಣ್ಣೊರೆಸಿಕೊಳ್ಳುತ್ತ ಈ ಗೇಟನ್ನೂ ಇಲ್ಲಿನ ಉದ್ದದ ಸಾಲನ್ನೂ ನೋಡಿದ್ದಾರೆ. 1997ರ ರಾಷ್ಟ್ರೀಯ ಕ್ರೀಡಾಕೂಟ ನಡೆದದ್ದು ಇಲ್ಲಿ. ಅದಕ್ಕೂ ಬಹಳ ಹಿಂದೆ ಇದು ಸಂಪಂಗಿ ಕೆರೆಯ ಅಂಗಳ. ಕೆರೆ ಬತ್ತಿ ಮೈದಾನವಾಯಿತು, ಮೈದಾನದ ಸುತ್ತ ಮೆಟ್ಟಿಲು ಬಂತು, ಆ ಮೆಟ್ಟಿಲ ಮೇಲೆ ಹತ್ತು ಚಿಲ್ಲರೆ ವರ್ಷಗಳಿಂದ ಒಬ್ಬ ಫುಟ್‌ಬಾಲ್ ಆಟಗಾರನ ಹೆಸರು ಕೂಗುತ್ತ ಬಂದ ಜನ ಇದ್ದಾರೆ. ಆ ಆಟಗಾರ ಸುನಿಲ್ ಛೆಟ್ರಿ.

ನನ್ನನ್ನು ಕರೆತಂದವನು ಅಕ್ಕನ ಮಗ. ಅರಳಸುರಳಿಯಲ್ಲಿ ಬೆಳೆದು, ತೀರ್ಥಹಳ್ಳಿಯಲ್ಲಿ ಪಿಯುಸಿ ಮುಗಿಸಿ, ಈಗ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗ. ನಮ್ಮ ಕಡೆ ಫುಟ್‌ಬಾಲ್ ಎಂದರೆ ಟಿವಿಯಲ್ಲಿ ಬರುವ ಆಟ. ಸಮತಟ್ಟು ಜಾಗ ಇದ್ದರೆ ಅಡಕೆ ಸಸಿ ನೆಡುತ್ತಾರೆ. ಉಳಿದ ಶಾಲೆಯ ಅಂಗಳದಲ್ಲಿ ಬಲೆ ಕಟ್ಟಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ ನಡೆಸುತ್ತಾರೆ. ಮಳೆಗಾಲದಲ್ಲಿ ಕೆಸರುಗದ್ದೆ ಓಟ. ಅಂಥ ಊರಿನ ಹುಡುಗ ನೀಲಿ ಅಂಗಿ ತೊಟ್ಟು, ಬೆನ್ನ ಮೇಲೆ ಛೆಟ್ರಿಯ ಹನ್ನೊಂದನೇ ನಂಬರು ಹೊತ್ತು ಊರಿನ ಮದುವೆಮನೆಗೆ ಬಂದಾಗ ಅಕ್ಕ ಬೈದಿದ್ದಳು. ನಾನು ಕೇಳಿದ್ದೆ, ‘ಎಂತ ಮಾರಾಯ, ಕ್ರಿಕೆಟ್ ಬಿಟ್ಟು ಇದರಲ್ಲಿ ಎಂತ ಕಂಡೆ ನೀನು?’ ಅವನು, ‘ಮಾವ, ಒಂದ್ಸಲ ಬನ್ನಿ, ಮೆಟ್ಟಿಲ ಮೇಲೆ ಕೂರಿಸಿ ಹೇಳ್ತೇನೆ’ ಅಂದಿದ್ದ. ಆಮೇಲೆ ಅವನೊಟ್ಟಿಗೆ ಪಂದ್ಯ ನೋಡಿದೆ. ಈಗ ಛೆಟ್ರಿ ಆಟ ಮುಗಿಸುತ್ತಿರುವ ಹೊತ್ತಿನಲ್ಲಿ, ಪಂದ್ಯವಿಲ್ಲದ ಒಂದು ಬೆಳಿಗ್ಗೆ, ಖಾಲಿ ಮೈದಾನ ನೋಡೋಣ ಎಂದು ಇಬ್ಬರೂ ಬಂದಿದ್ದೇವೆ.

ಒಳಗೆ ಹೋದರೆ ಮೊದಲು ಸಿಗುವುದು ಓಟದ ಟ್ರ್ಯಾಕ್. ಬೆಳಗಿನ ಹೊತ್ತು ಇದು ಪೂರ್ತಿ ಅಥ್ಲೀಟುಗಳದ್ದು. ಹರ್ಡಲ್ಸ್ ಜೋಡಿಸುವ ಕೋಚುಗಳು, ಕಾಲು ಚಾಚಿ ಮೈ ಸಡಿಲಿಸುವ ಹುಡುಗಿಯರು, ಚೀಲ ಕಾಯುತ್ತ ಮೆಟ್ಟಿಲ ಮೇಲೆ ಕೂತ ಅಪ್ಪಂದಿರು. ಟ್ರ್ಯಾಕಿನ ನಡುವೆ ಹಸಿರು ಹುಲ್ಲಿನ ಅಂಕಣ. ಫುಟ್‌ಬಾಲಿಗೆಂದೇ ಕಟ್ಟಿದ ಮೈದಾನಗಳಲ್ಲಿ ಆಟಗಾರನ ಉಸಿರು ಕೇಳುವಷ್ಟು ಹತ್ತಿರ ಪ್ರೇಕ್ಷಕ ಕೂತಿರುತ್ತಾನೆ. ಇಲ್ಲಿ ಟ್ರ್ಯಾಕಿನಷ್ಟೂ ಅಗಲ ನಡುವೆ ಬರುತ್ತದೆ. ಆ ದೂರ ದಾಟಬೇಕಾದರೆ ದನಿಯೇ ಬೇಕು. ಇಲ್ಲಿನ ಅಭಿಮಾನಿಗಳು ತೊಂಬತ್ತು ನಿಮಿಷವೂ ನಿಂತು ಹಾಡುವುದಕ್ಕೆ, ಡ್ರಮ್ ಬಡಿಯುವುದಕ್ಕೆ ಇದೂ ಒಂದು ಕಾರಣ ಎಂದು ನನಗನ್ನಿಸುತ್ತದೆ. ಒಂದೇ ಮೈದಾನವನ್ನು ಅಥ್ಲೆಟಿಕ್ಸ್ ಮತ್ತು ಫುಟ್‌ಬಾಲ್ ಹಂಚಿಕೊಳ್ಳಬೇಕಾದ ಜಗಳ ವರ್ಷಗಟ್ಟಲೆ ನಡೆದಿದೆ. ಇಬ್ಬರದ್ದೂ ನ್ಯಾಯವಾದ ಬೇಡಿಕೆಯೇ. ಇಷ್ಟು ದೊಡ್ಡ ನಗರ ಇಬ್ಬರಿಗೂ ಬೇರೆ ಬೇರೆ ಜಾಗ ಮಾಡಿಕೊಡಬೇಕಿತ್ತು.

ಪಶ್ಚಿಮದ ಸ್ಟ್ಯಾಂಡಿಗೆ ಹತ್ತಿದೆವು. ಇದು ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿ ಬಳಗದ ಜಾಗ. ಈ ಬಳಗ ಹುಟ್ಟಿದ್ದು ಮಾತ್ರ ಇಲ್ಲಲ್ಲ. 2013ರಲ್ಲಿ ಬೆಂಗಳೂರು ಎಫ್‌ಸಿ ಶುರುವಾದಾಗ ತಂಡ ಆಡುತ್ತಿದ್ದದ್ದು ಅಶೋಕನಗರದ ಹಳೆಯ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ. ಅಲ್ಲಿನ ಪಶ್ಚಿಮದ ಬ್ಲಾಕಿನಲ್ಲಿ ಒಟ್ಟಾದ ಹುಡುಗರು ಬಳಗಕ್ಕೂ ಅದೇ ಹೆಸರಿಟ್ಟರು, ತಂಡದ ಹಿಂದೆ ಹೆಸರೂ ಇಲ್ಲಿಗೆ ಬಂತು. ‘ಇಲ್ಲಿ ನಿಲ್ತೇವೆ’ ಎಂದು ಹುಡುಗ ತೋರಿಸಿದ. ಸಿಮೆಂಟಿನ ಮೆಟ್ಟಿಲು, ಬಣ್ಣ ಮಾಸಿದ ಕುರ್ಚಿಗಳು, ಕಂಬಿಗೆ ಯಾವುದೋ ಬ್ಯಾನರು ಕಟ್ಟಿದ್ದ ಹಗ್ಗದ ತುಂಡೊಂದು ಗಂಟು ಬಿಚ್ಚದೆ ಹಾಗೇ ಉಳಿದಿತ್ತು. ಕೆಳಗಿನ ಸಾಲಿನಲ್ಲಿ ಡ್ರಮ್ಮಿನವರು, ಜನಕ್ಕೆ ಮುಖ ಮಾಡಿ ಮೈದಾನಕ್ಕೆ ಬೆನ್ನು ಹಾಕಿ ನಿಂತು ಹಾಡು ಎತ್ತಿಕೊಡುವವನೊಬ್ಬ. ಪಾಪ, ಅವನಿಗೆ ಆಟ ಕಾಣುವುದೇ ಇಲ್ಲ. ಎದುರಿನವರ ಮುಖ ಅರಳಿದ್ದು ನೋಡಿಯೇ ಗೋಲಾಯಿತು ಎಂದು ತಿಳಿಯಬೇಕು.

ಛೆಟ್ರಿಯ ಅಂಕಿ-ಅಂಶ ಎಲ್ಲರಿಗೂ ಗೊತ್ತು. 2005ರ ಜೂನ್ 12ರಂದು ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಭಾರತ ತಂಡದ ಅಂಗಿ ತೊಟ್ಟ ಮೊದಲ ದಿನವೇ ಗೋಲು. 2024ರ ಜೂನ್ 6ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಕುವೈತ್ ವಿರುದ್ಧ 151ನೇ ಪಂದ್ಯ, ಗೋಲಿಲ್ಲದ ಡ್ರಾ, ಕಣ್ಣೀರಿನ ವಿದಾಯ. ಆಗ ಹೆಸರಿನ ಮುಂದೆ 94 ಗೋಲು. ಆಗಿನ್ನೂ ದೇಶಕ್ಕಾಗಿ ಆಡುತ್ತಿದ್ದವರಲ್ಲಿ ಅವರಿಗಿಂತ ಮುಂದಿದ್ದವರು ರೊನಾಲ್ಡೊ ಮತ್ತು ಮೆಸ್ಸಿ, ಇಬ್ಬರೇ. ಆದರೆ ಆ ಮೆಟ್ಟಿಲ ಮೇಲೆ ಹುಡುಗ ಈ ಲೆಕ್ಕ ಒಂದನ್ನೂ ತೆಗೆಯಲಿಲ್ಲ. ಬೆರಳು ಚಾಚಿ ಜಾಗಗಳನ್ನು ತೋರಿಸುತ್ತ ಹೋದ. ಅಲ್ಲಿ, ಇಲ್ಲಿ, ಆ ಗೋಲಿನ ಎಡಕ್ಕೆ.

ಮೊದಲು ತೋರಿಸಿದ್ದು ಪೆನಾಲ್ಟಿ ಚೌಕದ ಹೊರಗಿನ ಒಂದು ಜಾಗ. 2016ರ ಅಕ್ಟೋಬರ್ 19, ಬೆಂಗಳೂರು ಎಫ್‌ಸಿಗೆ ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೇ ಪಂದ್ಯ. ಎದುರಾಳಿ ಮಲೇಷ್ಯಾದ ಜೊಹೊರ್ ದಾರುಲ್ ತಾಝಿಮ್, ಹಿಂದಿನ ವರ್ಷದ ಚಾಂಪಿಯನ್. ಅಲ್ಲಿ ಹೋಗಿ ಆಡಿದ ಪಂದ್ಯ 1-1. ಇಲ್ಲಿ ಮೊದಲ ಗೋಲು ಹೊಡೆದದ್ದೂ ಅವರೇ. ವಿರಾಮಕ್ಕೆ ಸ್ವಲ್ಪ ಮೊದಲು ಛೆಟ್ರಿ ತಲೆಕೊಟ್ಟು ಸಮ ಮಾಡಿದರು. ಐದಡಿ ಏಳಂಗುಲದ ಆಳು ತನಗಿಂತ ಗೇಣುದ್ದ ಎತ್ತರದ ರಕ್ಷಕರ ನಡುವೆ ಚೆಂಡಿಗೆ ತಲೆ ಮುಟ್ಟಿಸುವುದು ಜಿಗಿತದ ಬಲದಿಂದಲ್ಲ, ಚೆಂಡು ಬೀಳುವ ಜಾಗಕ್ಕೆ ಅರೆಕ್ಷಣ ಮೊದಲು ತಲುಪುವುದರಿಂದ. 67ನೇ ನಿಮಿಷದಲ್ಲಿ ಹುಡುಗ ತೋರಿಸಿದ ಆ ಜಾಗದಿಂದ ಹೊಡೆದ ಚೆಂಡು ಗೋಲ್‌ಕೀಪರನ ಕೈಗೆ ಎಟುಕದೆ ಬಲೆಗೆ ಬಿತ್ತು. ಆಮೇಲೆ ತಂಡದ ಹ್ವಾನಾನ್ ಮೂರನೆಯದು ಸೇರಿಸಿ 3-1. ಏಷ್ಯಾ ಮಟ್ಟದ ಈ ಟೂರ್ನಿಯ ಫೈನಲ್‌ಗೆ ಭಾರತದ ಕ್ಲಬ್ಬೊಂದು ಹೋದದ್ದು ಅದೇ ಮೊದಲು. ಮುಂದೆ ದೋಹಾದಲ್ಲಿ ಇರಾಕಿನ ಏರ್‌ಫೋರ್ಸ್ ಕ್ಲಬ್ ಎದುರು 0-1ರಿಂದ ಸೋತರು. ಸೋಲನ್ನು ಈ ಮೆಟ್ಟಿಲಿನವರು ಮರೆತಿಲ್ಲ, ಆದರೆ ನೆನಪಿನ ಪೆಟ್ಟಿಗೆ ತೆರೆದಾಗ ಮೊದಲು ಕೈಗೆ ಬರುವುದು ಆ ಅಕ್ಟೋಬರಿನ ರಾತ್ರಿ.

ಎರಡನೆಯದು ಗೋಲಿನ ಬಾಯಿಯಲ್ಲೇ. 2023ರ ಜೂನ್ 21, ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಷಿಪ್, ಪಾಕಿಸ್ತಾನದ ಎದುರು. ಧೋ ಎಂದು ಸುರಿಯುವ ಮಳೆ. ನಮ್ಮ ಆಗುಂಬೆ ಕಡೆಯವರಿಗೆ ಮಳೆ ಹೊಸದೇನಲ್ಲ, ಬೆಂಗಳೂರಿನವರು ಮಳೆ ಬಂದರೆ ಮನೆ ಸೇರುವವರು. ಆವತ್ತು ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ನೆನೆಯುತ್ತ ನಿಂತಿದ್ದರು. ಹತ್ತನೇ ನಿಮಿಷ. ಪಾಕಿಸ್ತಾನದ ರಕ್ಷಕ ಚೆಂಡನ್ನು ತಮ್ಮ ಗೋಲ್‌ಕೀಪರನಿಗೇ ಹಿಂದಕ್ಕೆ ಕೊಟ್ಟ. ಇಂಥ ಚೆಂಡಿನ ಹಿಂದೆ ಓಡುವುದು ಬಹುಪಾಲು ವ್ಯರ್ಥ. ಗೋಲ್‌ಕೀಪರ್ ದೂರ ಒದ್ದುಬಿಡುತ್ತಾನೆ, ಓಡಿದವನಿಗೆ ದಣಿವಷ್ಟೇ ಮಿಗುತ್ತದೆ. ಮೂವತ್ತೆಂಟು ದಾಟಿದ ಮನುಷ್ಯ ಆದರೂ ಓಡಿದ. ಗೋಲ್‌ಕೀಪರ್ ಗಲಿಬಿಲಿಗೊಂಡ, ಚೆಂಡು ಕಾಲಿಂದ ಜಾರಿತು, ಛೆಟ್ರಿ ತಟ್ಟಿದರು, ಗೋಲು. ಆಮೇಲೆ ಎರಡು ಪೆನಾಲ್ಟಿ, ಹ್ಯಾಟ್ರಿಕ್. ಭಾರತಕ್ಕೆ 4-0 ಗೆಲುವು, ಛೆಟ್ರಿಗೆ 90ನೇ ಅಂತರರಾಷ್ಟ್ರೀಯ ಗೋಲು.

‘ಮಾವ, ಜೊಹೊರ್ ಮೇಲಿನ ಗೋಲು ಎಲ್ಲರೂ ಹೇಳ್ತಾರೆ. ನನಗೆ ಈ ಓಟವೇ ದೊಡ್ಡದು’ ಅಂದ ಹುಡುಗ. ‘ಎಂತಕ್ಕೆ?’ ಅಂದೆ. ‘ನೂರು ಸಲ ಓಡಿದರೆ ಒಂದ್ಸಲ ಸಿಗೋದು. ತೊಂಬತ್ತೊಂಬತ್ತು ಸಲ ಓಡಿದ್ದನ್ನೂ ನಾವು ಇಲ್ಲಿಂದ ನೋಡಿದ್ದೇವೆ.’

ಈ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಟಿವಿಯಲ್ಲಿ ಆ ವ್ಯರ್ಥ ಓಟಗಳು ಕಾಣುವುದಿಲ್ಲ, ಕ್ಯಾಮೆರಾ ಚೆಂಡಿನ ಹಿಂದೆ ಹೋಗಿರುತ್ತದೆ. ಮೈದಾನಕ್ಕೆ ಬಂದವರಿಗೆ ಮಾತ್ರ ಆಟಗಾರನ ಇಡೀ ದುಡಿಮೆ ಕಾಣುತ್ತದೆ. 2018ರ ಜೂನಿನಲ್ಲಿ ಮುಂಬೈಯಲ್ಲಿ ಚೈನೀಸ್ ತೈಪೆ ವಿರುದ್ಧದ ಪಂದ್ಯಕ್ಕೆ ಬಂದಿದ್ದವರು 2,569 ಜನ. ಛೆಟ್ರಿ ಹ್ಯಾಟ್ರಿಕ್ ಹೊಡೆದು ಭಾರತ 5-0ರಿಂದ ಗೆದ್ದಿತ್ತು. ಮರುದಿನ ಅವರು ವಿಡಿಯೊ ಮಾಡಿ, ಬೈಯುವುದಿದ್ದರೂ ಬೈಯಿರಿ, ಆದರೆ ಮೈದಾನಕ್ಕೆ ಬಂದು ಬೈಯಿರಿ ಎಂದು ಕೈಮುಗಿದು ಕೇಳಿಕೊಂಡರು. ಜೂನ್ 4ರಂದು ಕೀನ್ಯಾ ವಿರುದ್ಧ ಅವರ ನೂರನೇ ಪಂದ್ಯ. ಮಳೆಯಲ್ಲೂ ಮುಂಬೈಯ ಕ್ರೀಡಾಂಗಣ ತುಂಬಿತು, ಅವರು ಎರಡು ಗೋಲು ಹೊಡೆದರು. ದೇಶದ ಜನ ಮೈದಾನಕ್ಕೆ ಬರಲೆಂದು ನಾಯಕನೇ ಅಂಗಲಾಚಬೇಕಾಗಿದ್ದ ಕಾಲದಲ್ಲಿ, ಕಂಠೀರವದ ಈ ಮೆಟ್ಟಿಲುಗಳಲ್ಲಿ ಆಗಲೇ ಜನ ಇದ್ದರು. ಆ ಅಭ್ಯಾಸ ಹುಟ್ಟಿದ್ದಕ್ಕೆ ಕ್ಲಬ್ಬಿನ ದುಡ್ಡು, ಶಿಸ್ತು ಎಲ್ಲ ಕಾರಣ. ಅದು ಉಳಿದದ್ದಕ್ಕೆ ಕಾರಣ, ವರ್ಷ ವರ್ಷವೂ ಬಿಟ್ಟುಹೋಗದೆ ನಿಂತ ಒಬ್ಬ ಆಟಗಾರ.

ಎಲ್ಲ ನೆನಪೂ ಸಿಹಿಯಲ್ಲ. 2018ರ ಮಾರ್ಚ್ 17ರಂದು ಇದೇ ಅಂಕಣದಲ್ಲಿ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್ ಫೈನಲ್. ಒಂಬತ್ತನೇ ನಿಮಿಷಕ್ಕೇ ಛೆಟ್ರಿ ಗೋಲು ಹೊಡೆದರೂ ಚೆನ್ನೈಯಿನ್ ಎದುರು 2-3ರ ಸೋಲು. ಮರುವರ್ಷ ಮುಂಬೈಯಲ್ಲಿ ಗೋವಾವನ್ನು 1-0ರಿಂದ ಸೋಲಿಸಿ ಕಪ್ ಎತ್ತಿದರು. ಇನ್ನು 2023ರ ಮಾರ್ಚ್ 3ರ ಗೋಲು. ಕೇರಳ ಬ್ಲಾಸ್ಟರ್ಸ್ ವಿರುದ್ಧದ ನಾಕೌಟ್ ಪಂದ್ಯ, ಹೆಚ್ಚುವರಿ ಅವಧಿ, 96ನೇ ನಿಮಿಷ. ಫ್ರೀಕಿಕ್‌ಗೆ ಎದುರಾಳಿಗಳು ಇನ್ನೂ ಗೋಡೆ ಕಟ್ಟಿಕೊಳ್ಳುತ್ತಿದ್ದಾಗ ಛೆಟ್ರಿ ಚೆಂಡನ್ನು ಗೋಲಿಗೆ ತಳ್ಳಿದರು. ರೆಫರಿ ಒಪ್ಪಿದರು, ಬ್ಲಾಸ್ಟರ್ಸ್ ಕೋಚ್ ತಂಡವನ್ನೇ ಹೊರಗೆ ಕರೆದುಕೊಂಡು ಹೋದರು. ಹುಡುಗನಿಗೆ ಅದು ಚುರುಕುತನ. ನಿಯಮ ಅವನ ಪರವಾಗಿಯೇ ಇದೆ. ನನಗೆ ಮಾತ್ರ ಛೆಟ್ರಿಯ ಗೋಲುಗಳಲ್ಲಿ ಮನಸ್ಸಿಗೆ ಒಗ್ಗದ್ದು ಅದೊಂದು. ಅಷ್ಟು ವರ್ಷ ನೇರವಾಗಿ ಗೆದ್ದವರು ಆವತ್ತೂ ಗೋಡೆಯ ಎದುರೇ ಹೊಡೆಯಬಹುದಿತ್ತು. ಹೇಳಿದ್ದಕ್ಕೆ ಹುಡುಗ ಸ್ವಲ್ಪ ಹೊತ್ತು ಮಾತು ಬಿಟ್ಟ.

ಕಂಠೀರವದಿಂದ ಅಶೋಕನಗರದ ಸ್ಟೇಡಿಯಮ್ಮಿಗೂ ಹೋದೆವು. ಸುತ್ತ ಮಾಲ್, ಹೋಟೆಲು, ವಾಹನಗಳ ಸದ್ದು. ಗೇಟಿನ ಹೊರಗೆ ನಿಂತೇ ನೋಡಿದ್ದು. ಬೆಂಗಳೂರು ಎಫ್‌ಸಿ ಮೊದಲ ವರ್ಷವೇ, 2013-14ರಲ್ಲಿ, ಐ-ಲೀಗ್ ಗೆದ್ದಾಗ ಇದು ಅವರ ಮನೆ. ಅದಕ್ಕಿಂತ ಮುಖ್ಯ, ತಲೆಮಾರುಗಳಿಂದ ಬೆಂಗಳೂರಿನ ಲೀಗ್ ಪಂದ್ಯಗಳು ನಡೆದ ಜಾಗ ಇದು. ಈ ಗೇಟಿನ ಮುಂದೆ ನಿಂತರೆ ಛೆಟ್ರಿಗಿಂತ ಹಿಂದಿನವರ ಹೆಸರು ಹೇಳದಿದ್ದರೆ ತಪ್ಪಾಗುತ್ತದೆ.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಮೈಸೂರು ರಾಜ್ಯದ ಆಟಗಾರ. ಅದೇ ತಂಡದ ಅಹ್ಮದ್ ಖಾನ್ ಬೆಂಗಳೂರಿನವರು. ಬರಿಗಾಲಲ್ಲಿ ಚೆಂಡನ್ನು ಆಡಿಸುತ್ತಿದ್ದ ಬಗೆಗೆ ‘ಹಾವಾಡಿಗ’ ಎಂದು ಹೆಸರಾದವರು. ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ‘ಪಂಚಪಾಂಡವ’ರಲ್ಲಿ ಒಬ್ಬರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನಕ್ಕೆ ಬಂದಾಗ ತಂಡದಲ್ಲಿ ಕೆಂಪಯ್ಯ ಇದ್ದರು. 1962ರ ಜಕಾರ್ತ ಏಷ್ಯನ್ ಗೇಮ್ಸ್ ಚಿನ್ನದ ತಂಡದಲ್ಲಿ ಅರುಮೈನಾಯಗಂ. ಸಂತೋಷ್ ಟ್ರೋಫಿಯನ್ನು ಮೈಸೂರು ನಾಲ್ಕು ಸಲ ಗೆದ್ದಿತ್ತು. ಆಮೇಲೆ ಐವತ್ತನಾಲ್ಕು ವರ್ಷ ಬರಗಾಲ, 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಮತ್ತೆ ಗೆದ್ದಿತು.

ಈ ಹಿರಿಯರಲ್ಲಿ ಎಷ್ಟೋ ಜನರ ಒಳ್ಳೆಯ ವರ್ಷಗಳನ್ನು ನೋಡಿದ್ದು ಕೋಲ್ಕತ್ತದ ಜನ. ಅನ್ನ ಅಲ್ಲಿತ್ತು, ಹೆಸರು ಅಲ್ಲಿತ್ತು. ಬೆಂಗಳೂರು ಬೆಳೆಸಿತು, ಕೋಲ್ಕತ್ತ ಅನುಭವಿಸಿತು. ಛೆಟ್ರಿ ಬಂದದ್ದು ಎದುರು ದಿಕ್ಕಿನಿಂದ. ಸಿಕಂದರಾಬಾದಿನಲ್ಲಿ ಹುಟ್ಟಿದ, ಸೈನಿಕನ ಮಗ. ತಾಯಿ ನೇಪಾಳದ ಮಹಿಳಾ ತಂಡದಲ್ಲಿ ಆಡಿದವರು. ಮೋಹನ್ ಬಾಗಾನ್‌ನಲ್ಲಿ ಶುರುಮಾಡಿ, ಈಸ್ಟ್ ಬೆಂಗಾಲ್, ಡೆಂಪೊ, ಅಮೆರಿಕ, ಪೋರ್ಚುಗಲ್ ಎಂದೆಲ್ಲ ಸುತ್ತಿ, ಮೂವತ್ತರ ಹತ್ತಿರ ಬಂದಾಗ ಈ ಊರಿಗೆ ಬಂದರು, ಇಲ್ಲೇ ಬೇರುಬಿಟ್ಟರು. ಅಹ್ಮದ್ ಖಾನರ ಬರಿಗಾಲಿನ ಕಾಲದಲ್ಲಿ ಈ ಊರಿನ ಪ್ರೇಕ್ಷಕನಿಗೆ ದಕ್ಕದ್ದು ಛೆಟ್ರಿಯಿಂದ ದಕ್ಕಿತು: ಒಬ್ಬ ದೊಡ್ಡ ಆಟಗಾರನ ಏರು, ಮಾಗುವಿಕೆ, ಇಳಿಗಾಲ, ಎಲ್ಲವನ್ನೂ ತನ್ನ ಮನೆಯಂಗಳದಲ್ಲಿ ನೋಡುವ ಭಾಗ್ಯ. ಛೆಟ್ರಿ ಬಿಟ್ಟುಹೋಗುವ ಆಸ್ತಿ ಯಾವುದು ಎಂದು ಕೇಳಿದರೆ, ಗೋಲುಗಳ ಲೆಕ್ಕಕ್ಕಿಂತ ಮೊದಲು ನಾನು ಇದನ್ನೇ ಹೇಳುತ್ತೇನೆ.

ಇಳಿಗಾಲ ನೋಡುವುದು ಸುಲಭವಲ್ಲ. ಈ ವಿಷಯದಲ್ಲಿ ಮಲೆನಾಡಿನ ನಾವು ಯಕ್ಷಗಾನ ನೋಡಿ ಪಳಗಿದವರು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿದರು. ಮೊದಲಿನ ಕುಣಿತ ಇಲ್ಲ ಎಂದು ಗೊತ್ತಿದ್ದೂ ಜನ ಹೋದರು, ಒಂದು ಕಣ್ಣಿನ ನೋಟ, ಒಂದು ಕತ್ತಿನ ಕೊಂಕು ಸಿಕ್ಕರೆ ಸಾಕೆಂದು. ಆಟದ ಮೈದಾನಕ್ಕೆ ಅಷ್ಟು ಕರುಣೆ ಇಲ್ಲ. ನಲವತ್ತರ ಕಾಲು ಇಪ್ಪತ್ತರ ಕಾಲಿನ ಜೊತೆ ಓಡಬೇಕು, ಪಾತ್ರ ಬದಲಿಸಿಕೊಳ್ಳುವಂತಿಲ್ಲ. ಹಾಗಿದ್ದೂ 2024-25ರ ಐಎಸ್‌ಎಲ್‌ನಲ್ಲಿ ಛೆಟ್ರಿ 14 ಗೋಲು ಹೊಡೆದರು. ಗೋವಾ ವಿರುದ್ಧದ ಸೆಮಿಫೈನಲ್‌ನ ಕೊನೆಯ ಗಳಿಗೆಯಲ್ಲಿ ತಲೆಕೊಟ್ಟು ತಂಡವನ್ನು ಫೈನಲ್‌ಗೆ ಒಯ್ದರು. ಹುಡುಗನಿಗೆ ಅದೊಂದು ಹಬ್ಬ. ನನಗೆ ಹಬ್ಬದ ಜೊತೆ ಒಂದು ನೋವೂ ಇತ್ತು. 2025ರ ಮಾರ್ಚಿನಲ್ಲಿ ನಿವೃತ್ತಿ ಮುರಿದು ಅವರನ್ನು ಭಾರತ ತಂಡಕ್ಕೆ ಮರಳಿ ಕರೆಯಬೇಕಾಯಿತು. ಮಾಲ್ದೀವ್ಸ್ ವಿರುದ್ಧ ಬಂದವರೇ 95ನೇ ಗೋಲು ಹೊಡೆದರು. ಅಭಿಮಾನಿ ಸಂತೋಷಪಟ್ಟ, ಆದರೆ ಇಪ್ಪತ್ತು ವರ್ಷದಲ್ಲಿ ಆ ಜಾಗಕ್ಕೆ ಇನ್ನೊಬ್ಬನನ್ನು ಬೆಳೆಸಲಾಗಲಿಲ್ಲ ಎಂಬುದೂ ಅದೇ ಗೋಲಿನಲ್ಲಿ ಕಂಡಿತು. ಅಕ್ಟೋಬರಿನಲ್ಲಿ ಸಿಂಗಪುರದ ಎದುರು ಸೋತು ಭಾರತ ಏಷ್ಯನ್ ಕಪ್ ಅರ್ಹತೆಯ ಅವಕಾಶ ಕಳೆದುಕೊಂಡಿತು. ನವೆಂಬರಿನಲ್ಲಿ ಛೆಟ್ರಿ ರಾಷ್ಟ್ರೀಯ ತಂಡಕ್ಕೆ ಎರಡನೇ ಸಲ ವಿದಾಯ ಹೇಳಿದರು. ಆ ಬಾರಿ ಮೈದಾನವೂ ಇರಲಿಲ್ಲ, ಹಾರವೂ ಇರಲಿಲ್ಲ. ಅದೇ ವರ್ಷ ಐಎಸ್‌ಎಲ್ ನಡೆಯುವುದೇ ಅನುಮಾನವಾಗಿ, ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ಮುಖ್ಯ ತಂಡದ ಸಂಬಳ ತಡೆಹಿಡಿದದ್ದಾಗಿ ಪ್ರಕಟಿಸಿತು. ಮೆಟ್ಟಿಲ ಮೇಲೆ ಹಾಡುವವರು ಸಂಬಳದ ಸುದ್ದಿ ಓದಬೇಕಾದ ಸ್ಥಿತಿ.

ಮಧ್ಯಾಹ್ನದ ಮೇಲೆ ಮೆಟ್ರೊದಲ್ಲಿ ಹಲಸೂರಿಗೆ ಹೋಗಿ, ಅಲ್ಲಿಂದ ಆಟೊದಲ್ಲಿ ಗೌತಮಪುರಕ್ಕೆ. ಬೆಂಗಳೂರಿನ ‘ಪುಟ್ಟ ಬ್ರೆಜಿಲ್’ ಎಂದು ಕರೆಯುವ ಬಡಾವಣೆ. ಇಕ್ಕಟ್ಟಿನ ಬೀದಿ, ಒಂದಕ್ಕೊಂದು ಅಂಟಿದ ಮನೆಗಳು, ಬಾಗಿಲಲ್ಲಿ ರಂಗೋಲಿ, ಕಿವಿಗೆ ತಮಿಳು-ಕನ್ನಡ ಎರಡೂ. ದಂಡಿನ ಕಾಲದಲ್ಲಿ ಬ್ರಿಟಿಷ್ ಸೈನಿಕರಿಂದ ಕಲಿತ ಆಟವನ್ನು ಇಲ್ಲಿನ ಶ್ರಮಿಕರ ಮಕ್ಕಳು ತಮ್ಮದು ಮಾಡಿಕೊಂಡರು. ದೇಶಕ್ಕೆ ಆಡಿದವರು ಈ ಬೀದಿಗಳಿಂದ ಹೋಗಿದ್ದಾರೆ. ಇಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೆಸಾ ಅವರ ಪ್ರತಿಮೆಗಳಿವೆ, ಅವರ ಜೊತೆಗೆ ಪೆಲೆ. ಬಡತನದಲ್ಲಿ ಬೆಳೆದ ಕಪ್ಪು ಹುಡುಗನೊಬ್ಬ ಚೆಂಡೊಂದರಿಂದ ಜಗತ್ತು ಗೆದ್ದದ್ದು ಇಲ್ಲಿಯವರಿಗೆ ಬರೀ ಆಟದ ಸುದ್ದಿಯಾಗಿರಲಿಲ್ಲ. ಬುದ್ಧ ಮತ್ತು ಬಾಬಾಸಾಹೇಬರ ಸಾಲಿನಲ್ಲಿ ನಿಲ್ಲಿಸಿದ್ದರಲ್ಲೇ ಅವರ ಗೌರವ ಏನೆಂದು ತಿಳಿಯುತ್ತದೆ.

ಅಲ್ಲೇ ಚೆಂಡು ಹಿಡಿದು ನಿಂತಿದ್ದ ಪುಟ್ಟ ಹುಡುಗರನ್ನು ನನ್ನ ಹುಡುಗ ಮಾತಿಗೆಳೆದ. ಯಾರು ಇಷ್ಟ? ಮೆಸ್ಸಿ, ರೊನಾಲ್ಡೊ, ಎಂಬಪೆ. ‘ಛೆಟ್ರಿ?’ ಎಂದು ಕೇಳಿದ. ಒಬ್ಬ, ‘ಛೆಟ್ರಿಯಣ್ಣ ನಮ್ಮವರಲ್ವಾ, ಅವರನ್ನು ಬೇರೆ ಹೇಳಬೇಕಾ’ ಅಂದ. ಇನ್ನೊಬ್ಬ ಸುಮ್ಮನಿರಲಿಲ್ಲ, ‘ಅವರು ಬಿಡ್ತಾರಂತೆ, ಇನ್ನು ಯಾರು ಗೋಲ್ ಹೊಡೀತಾರೆ?’ ಎಂದು ದೊಡ್ಡವರಾದ ನಮ್ಮನ್ನೇ ಕೇಳಿದ. ನನ್ನ ಹುಡುಗ ಬಳ್ಳಾರಿ ಕಡೆಯ ವಿದ್ಯಾನಗರದಲ್ಲಿರುವ ಬೆಂಗಳೂರು ಎಫ್‌ಸಿ ಕ್ಲಬ್ಬಿನ ವಸತಿ ಅಕಾಡೆಮಿಯ ಹೆಸರು ಹೇಳಿದ, ಅಲ್ಲಿಂದ ಮುಖ್ಯ ತಂಡಕ್ಕೆ ಬಂದವರನ್ನು ಬೆರಳು ಮಡಚಿ ಎಣಿಸತೊಡಗಿದ. ಅವರು ಒಪ್ಪಲಿಲ್ಲ. ಇವನು ರಕ್ಷಕ, ಅವನು ನಡುವಿನ ಆಟಗಾರ, ಗೋಲು ಹೊಡೆಯುವವನನ್ನು ಹೇಳು ಅಣ್ಣ ಎಂದು ಪಟ್ಟು ಹಿಡಿದರು. ಚೆಂಡು ಕೆಳಗಿಟ್ಟು ವಾದಕ್ಕೇ ನಿಂತರು. ನಾನು ಅಂಗಡಿಗೆ ಹೋಗಿ ಎಲ್ಲರಿಗೂ ಬಿಸ್ಕತ್ತು ತಂದೆ. ಬರುವಷ್ಟರಲ್ಲಿ ವಾದ ಅಹ್ಮದ್ ಖಾನರವರೆಗೆ ಹೋಗಿತ್ತು. ಬೂಟಿಲ್ಲದೆ ಒಲಿಂಪಿಕ್ಸ್ ಆಡಿದ್ದು ನಿಜವಾ ಎಂದು ಒಬ್ಬ ಕೇಳುತ್ತಿದ್ದ. ನನ್ನ ಹುಡುಗ ಮೆಟ್ಟಿಲ ಮೇಲೆ ಕೂತು 1948ರ ಪಂದ್ಯ ಮೊದಲಿಂದ ಹೇಳತೊಡಗಿದ್ದ.